ಭತ್ತದ ಬೆಂಕಿ ರೋಗಕ್ಕೆ ಜೈವಿಕ ಔಷಧಿ ನಿಜವಾಗ್ಲೂ ಕೆಲಸ ಮಾಡತ್ತಾ? ಮಾಡಿದ್ರೆ ಯಾವಾಗ ಕೊಡ್ಬೇಕು?

ಮದ್ದೂರು ಗದ್ದೆ
ಎಲ್ರಿಗೂ ನಮಸ್ಕಾರ. ಒಟ್ಲು (ಸಸಿಮಡಿ) ಬಿಡೋ ಟೈಮ್ ಹತ್ರ ಬರ್ತಿದೆ, ಅದಕ್ಕೇ ಈಗ್ಲೇ ಕೇಳ್ತಿದೀನಿ. ಹೋದ ವರ್ಷ ನಮ್ ಬಯಲಲ್ಲಿ ಕುತ್ತಿಗೆ ಬೆಂಕಿ ಬಂದು ಪಕ್ಕದೋರ ಗದ್ದೇಲಿ ತೆನೆ ಬೆಳ್ಳಗೆ ನೆಟ್ಟಗೆ ನಿಂತ್ಬಿಟ್ಟಿತ್ತು, ಹಿಡಿದು ನೋಡಿದ್ರೆ ಬರೀ ಜೊಳ್ಳು, ಕುತ್ತಿಗೆ ಹತ್ರ ಕಪ್ಪಾಗಿ ಕೊಳೆತು ಅಲ್ಲೇ ಮುರ್ಕೊಳ್ತಿತ್ತು. ಅದನ್ನ ನೋಡಿ ನಮ್ಮಪ್ಪ ಟ್ರೈಸೈಕ್ಲಜೋಲ್ ಅನ್ನೋ ರಾಸಾಯನಿಕ ಔಷಧಿ ಹೊಡೆಸಿದ್ರು, ಆಮೇಲೆ ಯಾರೋ ಹೇಳಿದ್ರು ಅಂತ ಇನ್ನೊಂದು ಯಾವ್ದೋ ಮಿಕ್ಸ್ ಹೊಡೆಸಿದ್ರು. ಬೆಳೆ ಉಳೀತು, ಅದು ನಿಜ. ಆದ್ರೆ ನಮ್ ಗದ್ದೆ ನೀರು ಇಳಿಯೋದು ಕೆಳಗಿನ ಕೆರೆಗೆ, ದನ ಕುಡಿಯೋದು ಅಲ್ಲೇ, ತಿನ್ನೋದು ಇದೇ ಹುಲ್ಲು, ಮನೆಗೆ ಅಕ್ಕಿನೂ ಇದೇ. ಈ ಸಲ ಸೂಡೊಮೊನಾಸ್ ಬ್ಯಾಕ್ಟೀರಿಯಾ, ಟ್ರೈಕೊಡರ್ಮಾ ಅನ್ನೋ ಒಳ್ಳೆ ಶಿಲೀಂಧ್ರ ಇವೆಲ್ಲ ಹಾಕಿ ನೋಡೋಣ ಅಂದ್ರೆ ಗೊಬ್ಬರದ ಅಂಗಡಿಯೋರು ಅದೆಲ್ಲ ಸುಮ್ನೆ ಬಿಳಿ ಪುಡಿ ದುಡ್ಡು ದಂಡ ಅಂತಾರೆ. ಯಾರಾದ್ರೂ ಬಳಸಿರೋರು, ಇದರ ಬಗ್ಗೆ ಓದಿರೋರು ಇದ್ರೆ ದಯವಿಟ್ಟು ಹೇಳಿ.

ಸಸ್ಯರೋಗ ವಿದ್ಯಾರ್ಥಿನಿ
ಒಟ್ಲು ಬಿಡೋ ಮುಂಚೆನೇ ಕೇಳಿದ್ದು ತುಂಬ ಒಳ್ಳೇದಾಯ್ತು. ಯಾಕೆ ಅಂತ ಸ್ವಲ್ಪ ಉದ್ದ ಹೇಳ್ತೀನಿ, ಓದ್ಕೊಳಿ.

ಬೆಂಕಿ ರೋಗ ತರೋ ಶಿಲೀಂಧ್ರ ಮ್ಯಾಗ್ನಪೋರ್ತೆ ಒರೈಜೆ. ಅದರ ಬೀಜಕಣ ಗಾಳೀಲಿ ಬಂದು ಗರಿ ಮೇಲೆ ಕೂತು ಅಂಟ್ಕೊಳತ್ತೆ, ಗರಿ ಮೇಲೆ ಇಬ್ಬನಿನೋ ಮಳೆ ಹನಿನೋ ರಾತ್ರಿಯೆಲ್ಲ ಇದ್ರೆ ಮೊಳೆತು ಗುಮ್ಮಟದ ತರ ಒಂದು ಸಣ್ಣ ಗುಳ್ಳೆ ಕಟ್ಟತ್ತೆ. ಆ ಗುಳ್ಳೆ ಗೋಡೆಗೆ ಮೆಲನಿನ್ ಬಳ್ಕೊಂಡು ಒಳಗೆ ಒತ್ತಡ ಏರಿಸ್ತಾ ಹೋಗತ್ತೆ, ಎಷ್ಟು ಅಂದ್ರೆ 8 ಮೆಗಾಪ್ಯಾಸ್ಕಲ್ ತನಕ, ಕಾರ್ ಟೈರ್ ಒಳಗಿನ ಒತ್ತಡದ ಸುಮಾರು 40 ಪಟ್ಟು. ಆ ಒತ್ತಡದಲ್ಲಿ ಒಂದು ಮೊಳೆ ಗರಿ ಸಿಪ್ಪೆ ತೂರಿ ಒಳಗೆ ಹೋಗ್ಬಿಡತ್ತೆ. ಟ್ರೈಸೈಕ್ಲಜೋಲ್ ಮಾಡೋದು ಇಷ್ಟೇ, ಮೆಲನಿನ್ ಆಗೋಕೆ ಬಿಡಲ್ಲ, ಗುಳ್ಳೆಗೆ ಬಲ ಬರಲ್ಲ. ಅಂದ್ರೆ ರಾಸಾಯನಿಕ ಕೂಡ ತಡೆಯೋದು ಶಿಲೀಂಧ್ರ ಬಾಗಿಲಲ್ಲಿ ಇದ್ದಾಗ್ಲೇ.

ಜೈವಿಕಕ್ಕೆ ಈ ಮಾತು ಇನ್ನೂ ಹೆಚ್ಚು ಅನ್ವಯ. ಸೂಡೊಮೊನಾಸ್ ಫ್ಲೋರೆಸೆನ್ಸ್ ಬ್ಯಾಕ್ಟೀರಿಯಾ ಬೇರಿನ ಸುತ್ತ ನೆಲೆ ನಿಂತು ಶಿಲೀಂಧ್ರಕ್ಕೆ ಆಗದ ವಸ್ತು ಬಿಡತ್ತೆ, ಮಣ್ಣಲ್ಲಿರೋ ಕಬ್ಬಿಣಾಂಶನ ತಾನೇ ಹಿಡ್ಕೊಂಡು ಅದಕ್ಕೆ ಸಿಗದಂಗೆ ಮಾಡತ್ತೆ, ಎಲ್ಲಕ್ಕಿಂತ ಮುಖ್ಯವಾಗಿ ಗಿಡದ ಸ್ವಂತ ರೋಗನಿರೋಧಕ ಶಕ್ತಿನ ಎಬ್ಬಿಸಿ ಇಡತ್ತೆ. ಈ ಎಬ್ಬಿಸೋ ಕೆಲಸಕ್ಕೆ ಟೈಮ್ ಬೇಕು. ಚುಕ್ಕೆ ಬಂದ್ಮೇಲೆ ಟ್ಯಾಂಕಿಗೆ ಹಾಕಿ ಹೊಡೆದ್ರೆ ಆ ಚುಕ್ಕೆ ವಾಸಿ ಆಗಲ್ಲ. ಬೀಜದಿಂದ್ಲೇ ಶುರು ಮಾಡ್ಬೇಕು.

ಕಾರಟಗಿ ಕ್ಯಾಂಪ್
ಅಕ್ಕಾರ, ಹೇಳೋದು ಚಲೋ ಅದ, ಖರೆ ನಮ್ಮ ಕಡಿ ಬಂದು ನೋಡ್ರಿ. ತುಂಗಭದ್ರಾ ಕಾಲುವಿ ಏರಿಯಾದಾಗ ಎಲ್ಲಿ ನೋಡಿದ್ರೂ ಸೋನಾ ಮಸೂರಿನೇ, ಬಿಪಿಟಿ 5204, ಅದಕ್ಕ ಬೆಂಕಿ ರೋಗ ಅಂದ್ರ ಭಾಳ ಬಡೀತದ. ಮಿಲ್ಲಿನವ್ರಿಗೆ ಸಣ್ಣಕ್ಕಿನೇ ಬೇಕು ರೇಟೂ ಅದಕ್ಕೇ, ಹಿಂಗಾಗಿ ಬ್ಯಾರೆ ತಳಿ ಹಾಕಾಕ ಧೈರ್ಯ ಬರಂಗಿಲ್ಲ. ನಾನೂ ಸೂಡೊಮೊನಾಸ್ ತಂದು ಹೊಡದೀನ್ರಿ, ಗರಿ ಮ್ಯಾಲೆ ಚುಕ್ಕಿ ಕಂಡ ಕೂಡ್ಲೇ ಹೊಡದೆ, ಏನೂ ಆಗ್ಲಿಲ್ಲ, ವಾರದಾಗ ಹೊಲ ಎಲ್ಲ ಸುಟ್ಟಂಗ ಆತು. ಅವಾಗಿಂದ ನಮ್ಮ ಓಣ್ಯಾಗ ಯಾರೂ ಅದರ ಹೆಸ್ರು ಎತ್ತವಲ್ರು. ಪಾಕೀಟು ಖರ್ಚಾದ್ದು ದೊಡ್ಡದಲ್ರಿ, ಆ ಒಂದು ವಾರ ಹೋತಲ್ಲ ಅದು ದೊಡ್ಡದು.

ಸಸ್ಯರೋಗ ವಿದ್ಯಾರ್ಥಿನಿ
ನಿಮ್ಮ ಸಿಟ್ಟು ಪೂರ್ತಿ ನ್ಯಾಯವಾದದ್ದು ಅಣ್ಣ. ಒಂದು ಚುಕ್ಕೆ ಒಂದು ರಾತ್ರಿಗೆ ಸಾವಿರಾರು ಬೀಜಕಣ ಉದುರಿಸತ್ತೆ, ಹವೆ ಕೂಡಿ ಬಂದ್ರೆ ವಾರದಲ್ಲಿ ಅದರ ಮುಂದಿನ ತಲೆಮಾರು ರೆಡಿ. ಆ ಓಟದ ಮಧ್ಯೆ ಬ್ಯಾಕ್ಟೀರಿಯಾ ತಂದು ಬಿಟ್ರೆ ಅದು ಹಿಡಿಯಲ್ಲ. ಪಾಕೀಟು ಮಾರಿದೋರು ಅದನ್ನ ನಿಮಗೆ ಹೇಳ್ಬೇಕಿತ್ತು. ಒಂದು ಕೇಳ್ಬೇಕು, ಪಾಕೀಟು ಎಲ್ಲಿ ಇಟ್ಟಿದ್ರು? ಅಂಗಡೀಲಿ ತಗಡಿನ ಶೀಟ್ ಕೆಳಗಾ?

ಕಾರಟಗಿ ಕ್ಯಾಂಪ್
ಹೌದ್ರಿ, ತಗಡಿನ ಗೋಡೌನ್. ಬ್ಯಾಸಿಗ್ಯಾಗ ಒಳಗ ಕಾಲಿಡಾಕ ಆಗಂಗಿಲ್ಲ ಅಷ್ಟು ಕಾವು.

ಲ್ಯಾಬ್ ಕೆಲಸ
ಇಲ್ಲಿ ನಾನು ಬಾಯಿ ಹಾಕ್ತೀನಿ, ಯಾಕಂದ್ರೆ ನಾನು ಕೆಲಸ ಮಾಡೋದೇ ಜೈವಿಕ ಗೊಬ್ಬರ ಔಷಧಿ ತಯಾರಿಸೋ ಘಟಕದಲ್ಲಿ. ಸೂಡೊಮೊನಾಸ್ ಬೀಜಕಣ ಕಟ್ಟೋ ಜಾತಿ ಅಲ್ಲ. ಟಾಲ್ಕ್ ಪುಡೀಲಿ ಬೆರೆಸಿದ ದಿನ ಕೋಟಿಗಟ್ಲೆ ಇರತ್ತೆ, ಆಮೇಲೆ ತಿಂಗಳು ತಿಂಗಳು ಕಮ್ಮಿ ಆಗ್ತಾ ಬರತ್ತೆ, 40 ಡಿಗ್ರಿ ಗೋಡೌನ್‌ನಲ್ಲಂತೂ ಬಹಳ ಬೇಗ. ನಿಯಮದ ಪ್ರಕಾರ ಒಂದು ಗ್ರಾಂ ಪುಡೀಲಿ ಕಮ್ಮಿ ಅಂದ್ರೂ 10 ಕೋಟಿ ಜೀವಂತ ಸೂಡೊಮೊನಾಸ್ ಇರ್ಬೇಕು, ಟ್ರೈಕೊಡರ್ಮಾ ಆದ್ರೆ 20 ಲಕ್ಷ. ಪಾಕೀಟಿನ ಮೇಲೆ ಅದು ಬರ್ದಿರತ್ತೆ, ಆದ್ರೆ ಅದು ತುಂಬಿದ ದಿನದ ಮಾತು, ನಿಮ್ ಕೈಗೆ ಬಂದ ದಿನದ್ದಲ್ಲ. ಅಂಗಡಿಯೋರು ಬಿಳಿ ಪುಡಿ ಅಂದಿದ್ದು ಎಷ್ಟೋ ಸಲ ನಿಜ ಆಗೋದು ಹೀಗೆ, ಒಳಗಿದ್ದ ಜೀವ ಸತ್ತು ಟಾಲ್ಕ್ ಮಾತ್ರ ಉಳಿದಿರತ್ತೆ.

ಬಿಸಿಲ ಸೀಮೆಗೆ ನನ್ನ ಅಭಿಪ್ರಾಯದಲ್ಲಿ ಬ್ಯಾಸಿಲಸ್ ಸಬ್ಟಿಲಿಸ್ ಅನ್ನೋ ಬ್ಯಾಕ್ಟೀರಿಯಾ ವಾಸಿ. ಅದು ಗಟ್ಟಿ ಬೀಜಕಣ ಕಟ್ಟತ್ತೆ, ಕಾವು ಒಣಹವೆ ತಡ್ಕೊಳತ್ತೆ. ಐಟುರಿನ್, ಫೆಂಜಿಸಿನ್, ಸರ್ಫ್ಯಾಕ್ಟಿನ್ ಅಂತ ಅದು ಬಿಡೋ ಕೊಬ್ಬಿನಂಥ ಅಣುಗಳು ಶಿಲೀಂಧ್ರದ ಪೊರೆನೇ ತೂತು ಮಾಡ್ತವೆ. ಹೊಸ ಔಷಧಿ ಅಂತ ಕೆಲಸ ಮಾಡೋರೆಲ್ಲ ಹೆಚ್ಚು ಸಾಯಿಸೋ ತಳಿ ಹುಡುಕ್ತಾರೆ, ಹೆಚ್ಚು ಕಾಲ ಬದುಕೋ ತಳಿ ಹುಡುಕೋರು ಕಮ್ಮಿ. ಹಳ್ಳಿ ಅಂಗಡಿ ಗೋಡೌನಿನಲ್ಲಿ ಎರಡು ಬೇಸಿಗೆ ಕಳೆದ ಪಾಕೀಟು ಕೆಲಸ ಮಾಡತ್ತಾ ಅನ್ನೋದೇ ನನಗೆ ಮೊದಲ ಪರೀಕ್ಷೆ.

ಮದ್ದೂರು ಗದ್ದೆ
ಅಣ್ಣ, ಹಂಗಾದ್ರೆ ಪಾಕೀಟು ಜೀವಂತ ಇದೆಯಾ ಅಂತ ಮನೇಲಿ ನೋಡೋಕೆ ಏನಾದ್ರೂ ದಾರಿ ಇದೆಯಾ?

ಲ್ಯಾಬ್ ಕೆಲಸ
ಟ್ರೈಕೊಡರ್ಮಾಗೆ ಇದೆ. ಒಂದು ಗ್ಲಾಸ್ ಲೋಟ ಕುದಿಯೋ ನೀರಲ್ಲಿ ತೊಳೆದು ಅದರಲ್ಲಿ ಬಿಸಿ ಅನ್ನ ಸ್ವಲ್ಪ ಹಾಕಿ ಆರಿದ್ಮೇಲೆ ಚಿಟಿಕೆ ಪುಡಿ ಉದುರಿಸಿ, ಬಾಯಿಗೆ ಶುದ್ಧ ಬಟ್ಟೆ ಕಟ್ಟಿ ನೆರಳಲ್ಲಿಡಿ. ಪಕ್ಕದಲ್ಲೇ ಪುಡಿ ಹಾಕದ ಇನ್ನೊಂದು ಲೋಟನೂ ಇಡಿ. ಜೀವ ಇದ್ರೆ ಮೊದ್ಲು ಬಿಳಿ ಬೂಷ್ಟು ಹತ್ತಿ ಆಮೇಲೆ ಕೆಲವೇ ದಿನದಲ್ಲಿ ಪಾಚಿ ಹಸಿರು ಆಗತ್ತೆ. ಕಪ್ಪು, ಹಳದಿ ಬಂದ್ರೆ ಅದು ಬೇರೆ ಬೂಷ್ಟು. ಇದರಿಂದ ಎಷ್ಟು ಇದೆ ಅಂತ ಗೊತ್ತಾಗಲ್ಲ, ಇದೆಯಾ ಇಲ್ವಾ ಅನ್ನೋದು ಗೊತ್ತಾಗತ್ತೆ, ಆ ಅನ್ನನ ಕೋಳಿ ದನಕ್ಕೆ ಹಾಕ್ಬೇಡಿ, ಹೂತ್ಬಿಡಿ. ಸೂಡೊಮೊನಾಸ್‌ಗೆ ಮನೇಲಿ ನಂಬೋ ಅಂಥ ಪರೀಕ್ಷೆ ಇಲ್ಲ. ತಯಾರಾದ ತಾರೀಖು ನೋಡಿ, ಹೊಸದನ್ನೇ ತಗೊಳಿ, ಸಾಧ್ಯ ಆದ್ರೆ ಕೃಷಿ ವಿಶ್ವವಿದ್ಯಾಲಯದಿಂದ್ಲೋ ಕೆವಿಕೆಯಿಂದ್ಲೋ (ಕೃಷಿ ವಿಜ್ಞಾನ ಕೇಂದ್ರ) ನೇರವಾಗಿ ತನ್ನಿ, ಮಂಡ್ಯದೋರಿಗೆ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರ ಹತ್ರನೇ ಇದೆ.

ತೀರ್ಥಹಳ್ಳಿ ಮಳೆ
ನಮ್ಮ ಕಡೆ ಅಡಿಕೆಗೆ ಕೊಳೆ ರೋಗ ಬಂದ್ರೆ ಬೋರ್ಡೋ ಹೊಡೀತೇವೆ, ನೂರು ವರ್ಷದಿಂದ ಅದೇ. ಮೈಲುತುತ್ತ ಸುಣ್ಣ ಎರಡೇ ಅಲ್ವಾ, ಸಾವಯವದೋರೂ ಒಪ್ತಾರೆ, ಅದನ್ನೇ ಗದ್ದೆಗೂ ಹೊಡೆದ್ರೆ ಆಗದಾ ಮಾರಾಯ್ರೆ? ಇನ್ನು ಹುಳಿ ಮಜ್ಜಿಗೆ ಹೊಡೆಯೋರೂ ಇದಾರೆ ನಮ್ಮಲ್ಲಿ. ಮಲೆನಾಡಲ್ಲಿ ಬೆಂಕಿ ರೋಗದ ಕಾಟ ಬಯಲುಸೀಮೆಗಿಂತ ಜಾಸ್ತಿ, ಯಾಕಂದ್ರೆ ಬೆಳಗ್ಗೆ ಒಂಬತ್ತಾದ್ರೂ ಗರಿ ಮೇಲಿನ ಇಬ್ಬನಿ ಆರಲ್ಲ. ಹಿಂದಿನೋರು ಇಂಟಾನ್ ಭತ್ತದ ತಳಿ ಹಾಕ್ತಿದ್ರು, ಅದು ತಡ್ಕೊಳ್ತಿತ್ತು ಅಂತ ನಮ್ಮ ದೊಡ್ಡಪ್ಪ ಈಗ್ಲೂ ಹೇಳ್ತಾರೆ.

ಸಸ್ಯರೋಗ ವಿದ್ಯಾರ್ಥಿನಿ
ಇಂಟಾನ್ ವಿಷಯ ನಿಮ್ಮ ದೊಡ್ಡಪ್ಪ ಹೇಳಿದ್ದು ಸರಿ. ಇಬ್ಬನಿ ವಿಷಯನೂ ಅಷ್ಟೇ ಸರಿ. ಕೊಡಗಿನ ಪೊನ್ನಂಪೇಟೆಯಲ್ಲಿ ಬೆಂಕಿ ರೋಗ ವರ್ಷಾವರ್ಷ ಎಷ್ಟು ಜೋರಾಗಿ ಬರತ್ತೆ ಅಂದ್ರೆ ದೇಶದ ಬೇರೆ ಬೇರೆ ಕಡೆಯ ಹೊಸ ತಳಿಗಳನ್ನ ತಂದು ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ನೆಟ್ಟು ತಡೆಯುತ್ತಾ ಅಂತ ನೋಡ್ತಾರೆ. ಜೈವಿಕ ಔಷಧಿಗೂ ನಾನು ಕೇಳೋದು ಅದೇ. ಲ್ಯಾಬಲ್ಲಿ ಪ್ಲೇಟಿನ ಒಂದು ಬದಿ ಶಿಲೀಂಧ್ರ ಇನ್ನೊಂದು ಬದಿ ಬ್ಯಾಕ್ಟೀರಿಯಾ ಇಟ್ರೆ ಮಧ್ಯೆ ಒಂದು ಖಾಲಿ ಜಾಗ ಬೀಳತ್ತೆ, ಅದನ್ನ ಅಳೆದು ಇಷ್ಟು ಶೇಕಡಾ ತಡೀತು ಅಂತ ಬರೆದ ಪ್ರಬಂಧಗಳಿಗೆ ಲೆಕ್ಕ ಇಲ್ಲ. ಲವಂಗದ ಎಣ್ಣೆನೂ ಪ್ಲೇಟಲ್ಲಿ ಶಿಲೀಂಧ್ರನ ಸಾಯಿಸತ್ತೆ, ಗದ್ದೆಗೆ ಹೊಡೆದ್ರೆ ಮಧ್ಯಾಹ್ನದ ಬಿಸಿಲಿಗೆ ಆವಿ ಆಗಿ ಹೋಗತ್ತೆ. ಪ್ಲೇಟಿನಿಂದ ಕುಂಡಕ್ಕೆ, ಕುಂಡದಿಂದ ಪೊನ್ನಂಪೇಟೆಯಂಥ ಗದ್ದೆಗೆ, ಅಲ್ಲಿ ಒಂದಲ್ಲ ಹಲವು ಹಂಗಾಮು, ಇಷ್ಟು ದಾಟಿ ಬಂದಿದ್ದನ್ನ ಮಾತ್ರ ರೈತರ ಮುಂದೆ ಇಡ್ಬೇಕು.

ಬೋರ್ಡೋ ಬೇಡ. ತಾಮ್ರ ಭತ್ತದ ಗರಿನ ಸುಡಬಹುದು, ಅದೂ ಅಲ್ದೆ ತಾಮ್ರ ಕರಗಿ ಮಾಯ ಆಗೋ ವಸ್ತು ಅಲ್ಲ, ವರ್ಷ ವರ್ಷ ಮಣ್ಣಲ್ಲಿ ಕೂಡ್ತಾನೇ ಹೋಗತ್ತೆ, ನಿಂತ ನೀರಿನ ಗದ್ದೇಲಿ ಮೀನು ಏಡಿಗೆ ವಿಷ. ಸಾವಯವ ಪಟ್ಟೀಲಿ ಹೆಸರಿದೆ ಅಂದ ಮಾತ್ರಕ್ಕೆ ಪರಿಸರಕ್ಕೆ ಒಳ್ಳೇದು ಅಂತ ಅಲ್ಲ. ಮಜ್ಜಿಗೆಯಿಂದ ಗರಿಗೆ ತೊಂದರೆ ಇಲ್ಲ, ಆದ್ರೆ ರೋಗ ಏರಿರೋ ಗದ್ದೇಲಿ ಅದನ್ನ ನಂಬಿ ಕೂರಬೇಡಿ.

ಕೃಷಿ ಕಾಲೇಜು ಎರಡನೇ ವರ್ಷ
ಮೇಡಂ, ಬೆಳ್ಳಿ ನ್ಯಾನೊ ಕಣ? ಬೇವು ತುಳಸಿ ಎಲೆ ರಸದಲ್ಲಿ ಮಾಡಿದ್ರೆ ಗ್ರೀನ್ ಅಂತಾರಲ್ಲ.

ಸಸ್ಯರೋಗ ವಿದ್ಯಾರ್ಥಿನಿ
ಎಲೆ ರಸದಲ್ಲಿ ಮಾಡಿದ್ರೂ ಗದ್ದೆಗೆ ಹೋಗೋದು ಬೆಳ್ಳಿನೇ ತಮ್ಮ. ಅದು ಬೆಂಕಿ ರೋಗದ ಶಿಲೀಂಧ್ರನೂ ಕೊಲ್ಲತ್ತೆ, ಮಣ್ಣಿನ ಒಳ್ಳೆ ಬ್ಯಾಕ್ಟೀರಿಯಾನೂ ಕೊಲ್ಲತ್ತೆ. ನಿನಗೆ ನ್ಯಾನೊ ಕಡೆನೇ ಆಸಕ್ತಿ ಇದ್ರೆ ಸಿಗಡಿ ಚಿಪ್ಪಿನಿಂದ ತೆಗೆಯೋ ಕೈಟೊಸಾನ್ ಮೇಲೆ ಕೆಲಸ ಮಾಡು. ಅದು ಕೊಳೆತು ಮಣ್ಣು ಸೇರೋ ವಸ್ತು, ಗಿಡದ ರೋಗನಿರೋಧಕ ಶಕ್ತಿನ ತಾನೇ ಎಬ್ಬಿಸತ್ತೆ, ಲವಂಗದ ಎಣ್ಣೆಯಂಥದ್ದನ್ನ ಅದರ ಒಳಗೆ ತುಂಬಿ ನಿಧಾನಕ್ಕೆ ಬಿಡೋ ಹಾಗೆ ಮಾಡೋಕೂ ಆಗತ್ತೆ. ಕರಾವಳೀಲಿ ಚಿಪ್ಪಿಗೇನು ಬರ ಇಲ್ಲ.

ದೆಹಲಿ ಕನ್ನಡಿಗ
ನಾನು ಬಾಸ್ಮತಿ ರಫ್ತಿನ ಕಾಗದಪತ್ರ ನೋಡೋ ಕೆಲಸದಲ್ಲಿದೀನಿ, ಈ ಚರ್ಚೆಗೆ ಒಂದು ಮಾತು ಸೇರಿಸ್ತೀನಿ. ಐರೋಪ್ಯ ಒಕ್ಕೂಟ ಅಕ್ಕೀಲಿ ಟ್ರೈಸೈಕ್ಲಜೋಲ್ ಉಳಿಕೆ ಮಿತಿನ ಕಿಲೊಗೆ 1 ಮಿಲಿಗ್ರಾಂ ಇದ್ದದ್ದನ್ನ 0.01ಕ್ಕೆ ಇಳಿಸ್ತು, ಬಾಸ್ಮತಿಗೆ 2018ರ ಶುರುವಿನಿಂದ ಜಾರಿ ಆಯ್ತು. ನೂರು ಪಟ್ಟು ಕಮ್ಮಿ. ಪಂಜಾಬ್ ಸರ್ಕಾರ 2022ರಲ್ಲಿ ಬಾಸ್ಮತಿ ಹಂಗಾಮಿಗೆ ಟ್ರೈಸೈಕ್ಲಜೋಲ್, ಕಾರ್ಬೆಂಡಾಜಿಮ್ ಸೇರಿ 10 ಔಷಧಿ ಮಾರಾಟನೇ ನಿಲ್ಲಿಸ್ತು. ಅದೇ ಹೊತ್ತಿಗೆ ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯೋರು 2021ರಲ್ಲಿ ಪೂಸಾ ಬಾಸ್ಮತಿ 1847, 1885, 1886 ಅಂತ ಬೆಂಕಿ ರೋಗ ಮತ್ತು ದುಂಡಾಣು (ಬ್ಯಾಕ್ಟೀರಿಯಾ) ಅಂಗಮಾರಿ ಎರಡನ್ನೂ ತಡೆಯೋ ತಳಿ ಬಿಟ್ರು. ಔಷಧಿ ನಿಲ್ಲಿಸೋದ್ರ ಜತೆಗೆ ರೈತನ ಕೈಗೆ ಬದಲಿ ಕೊಡ್ಬೇಕು, ಅಲ್ಲಿ ಅದು ಸಿಕ್ತು. ದಕ್ಷಿಣದ ಸಣ್ಣ ಭತ್ತ ಬೆಳೆಯೋರು ಊಟಕ್ಕೆ ಮಾರೋದು ನಮ್ಮ ಜನಕ್ಕೇ. ಯುರೋಪಿನೋರ ತಟ್ಟೆಗೆ ಬೇಡ ಅಂದಿದ್ದು ನಮ್ಮ ಮಕ್ಕಳ ತಟ್ಟೆಗೆ ಯಾಕೆ ಅಂತ ನಂಗೆ ಪ್ರತಿ ಸಲ ಫೈಲ್ ನೋಡುವಾಗ್ಲೂ ಅನ್ಸತ್ತೆ.

ಕಾರಟಗಿ ಕ್ಯಾಂಪ್
ಸರ್ ಹೇಳಿದ ತಳಿ ವಿಚಾರ ಖರೆ. ನಮ್ಮ ಕಡೀನೂ ಈಗ ಆರ್‌ಎನ್‌ಆರ್ 15048 ಹಾಕೋರು ಬಂದಾರ, ಕಾಳು ಸಣ್ಣ, ಬೆಂಕಿ ರೋಗ ಬಿಪಿಟಿಗಿಂತ ಭಾಳ ಕಮ್ಮಿ. ಆದ್ರ ಎಲ್ಲಾರೂ ಅದನ್ನೇ ಹಾಕಿದ್ರ ಅದಕ್ಕೂ ನಾಳೆ ರೋಗ ಹತ್ತಂಗಿಲ್ಲ ಅಂತ ಏನು ಗ್ಯಾರಂಟಿ?

ಸಸ್ಯರೋಗ ವಿದ್ಯಾರ್ಥಿನಿ
ಗ್ಯಾರಂಟಿ ಇಲ್ಲ ಅಣ್ಣ, ನೀವು ಕೇಳಿದ್ದು ಇಡೀ ಚರ್ಚೇಲಿ ದೊಡ್ಡ ಪ್ರಶ್ನೆ. ಈ ಶಿಲೀಂಧ್ರ ಬಹಳ ಬೇಗ ರೂಪ ಬದಲಿಸತ್ತೆ. ಅದು ಜೈವಿಕಕ್ಕೂ ಅನ್ವಯ. ಜಪಾನಿನಲ್ಲಿ 1950ರ ದಶಕದಲ್ಲಿ ಬೆಂಕಿ ರೋಗಕ್ಕೆ ಪಾದರಸದ ಪುಡಿ ಹೊಡೀತಿದ್ರು, ಅದರ ವಿಷ ಅರ್ಥ ಆಗಿ ಬದಲಿ ಹುಡುಕುವಾಗ ನಾರಾದ ಕಸುಗ ದೇವಾಲಯದ ಮಣ್ಣಿನಿಂದ ತೆಗೆದ ಒಂದು ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದಿಂದ ಹಮಾವೊ ಉಮೆಜಾವಾ ತಂಡ 1965ರಲ್ಲಿ ಕಸುಗಮೈಸಿನ್ ಕಂಡುಹಿಡೀತು. ಮಣ್ಣಿನ ಜೀವಿಯ ಔಷಧಿ, ಪಾದರಸದ ಮುಂದೆ ಎಷ್ಟೋ ಸೌಮ್ಯ. ಎಲ್ರೂ ಅದನ್ನೇ ಹೊಡೆದ್ರು, 1970ರ ದಶಕದಲ್ಲೇ ಅದಕ್ಕೆ ಬಗ್ಗದ ಬೆಂಕಿ ರೋಗ ಬಂತು.

ಒಂದೇ ತಳಿ ಹರಡಿರೋ ಬಯಲೇ ಅದಕ್ಕೆ ಹಬ್ಬ. ಚೀನಾದ ಯುನಾನ್‌ನಲ್ಲಿ ರೋಗಕ್ಕೆ ಬೇಗ ತುತ್ತಾಗೋ ಅಂಟಕ್ಕಿ ತಳಿಯ ಸಾಲುಗಳನ್ನ ರೋಗ ತಡೆಯೋ ಹೈಬ್ರಿಡ್ ಸಾಲುಗಳ ಮಧ್ಯೆ ನೆಟ್ರು, ಸಾವಿರಾರು ರೈತರು ಸೇರಿ. ಬರೀ ಅಂಟಕ್ಕಿ ನೆಟ್ಟ ಗದ್ದೆಗಿಂತ ಅದರಲ್ಲಿ ಬೆಂಕಿ ರೋಗ 94% ಕಮ್ಮಿ ಆಯ್ತು, ಆ ತಳಿಯ ಇಳುವರಿ 89% ಹೆಚ್ಚು ಬಂತು, ಎರಡು ವರ್ಷದ ಕೊನೆಗೆ ಔಷಧಿನೇ ನಿಲ್ಲಿಸಿದ್ರು. 2000ದಲ್ಲಿ ಪ್ರಕಟ ಆದ ಅಧ್ಯಯನ ಅದು.

ಕಾರಟಗಿ ಕ್ಯಾಂಪ್
ಸಾಲು ಸಾಲು ಬ್ಯಾರೆ ತಳಿ ಅಂದ್ರ ನಮ್ಮಲ್ಲಿ ಆಗದ ಮಾತ್ರಿ. ಅವ್ರು ಕೈಲೇ ಕೊಯ್ದಿರಬೇಕು. ನಮ್ಮಲ್ಲಿ ಮಷಿನ್ ಬರ್ತದ, ಎರಡೂ ಕೂಡಿದ್ರ ಮಿಲ್ಲಿನವ್ರು ಕಟ್ ಮಾಡ್ತಾರ. ಬೇಕಾದ್ರ ಒಂದು ಹೊಲಕ್ಕ ಒಂದು ತಳಿ, ಬಾಜೂ ಹೊಲಕ್ಕ ಬ್ಯಾರೆ ಹಾಕಬಹುದು, ಕಾಲುವಿ ಮಂದಿ ಕೂಡಿ ಮಾತಾಡಿದ್ರ.

ಸಸ್ಯರೋಗ ವಿದ್ಯಾರ್ಥಿನಿ
ಅದು ಸಾಲುಗಳಷ್ಟು ಬಲವಾಗಿ ತಡೆಯದೇ ಇರಬಹುದು, ಆದ್ರೂ ಒಂದೇ ತಳಿಗಿಂತ ಖಂಡಿತ ಮೇಲು. ನಿಮ್ಮ ಕಡೆ ಇನ್ನೊಂದು ಆಸ್ತಿ ಇದೆ, ಮಿಲ್ಲುಗಳ ಉಮಿ ಬೂದಿ. ಭತ್ತ ಮಣ್ಣಿಂದ ಸಿಲಿಕಾನ್ ಎಳೆಯೋದ್ರಲ್ಲಿ ಎತ್ತಿದ ಕೈ, ಹೆಕ್ಟೇರಿಗೆ 5 ಟನ್ ಬೆಳೆ ಬಂದ್ರೆ 230ರಿಂದ 470 ಕಿಲೊ ಸಿಲಿಕಾನ್ ಮಣ್ಣಿಂದ ಹೋಗಿರತ್ತೆ. ಅದು ಗರಿಯ ಸಿಪ್ಪೆಯ ಕೆಳಗೆ ಪದರ ಕಟ್ಟಿ ಕೂರತ್ತೆ, ಶಿಲೀಂಧ್ರದ ಮೊಳೆ ಒಳಗೆ ಹೋಗೋದು ಕಷ್ಟ ಆಗತ್ತೆ, ಗಿಡದ ಒಳಗಿನ ರಕ್ಷಣೆನೂ ಚುರುಕಾಗತ್ತೆ. ಬೆಂಕಿ ರೋಗ, ಕಂದು ಚುಕ್ಕೆ ಎರಡಕ್ಕೂ ಇದು ಚೆನ್ನಾಗಿ ತೋರ್ಸಿರೋ ವಿಷಯ. ಜತೆಗೆ ಯೂರಿಯಾ ಕೈ ಬಿಗಿ ಹಿಡೀರಿ. ಕಡು ಹಸಿರಾಗಿ ಮೆತ್ತಗೆ ಬೆಳೆದ ಗರಿಗೇ ಈ ರೋಗ ಮೊದಲು ಬೀಳೋದು. ಒಂದೇ ಸಲ ಸುರಿಯೋ ಬದ್ಲು ಎಲೆಯ ಹಸಿರು ಹೋಲಿಸಿ ನೋಡೋ ಬಣ್ಣದ ಪಟ್ಟಿ ಹಿಡಿದು ನೋಡಿ ಕಂತಲ್ಲಿ ಹಾಕಿ. ಯಾವ ಔಷಧಿ ತಂದ್ರೂ ಯೂರಿಯಾ ಮಿತಿ ಮೀರಿದ ಗದ್ದೇಲಿ ಅದು ಸೋಲತ್ತೆ, ಜೈವಿಕವಂತೂ ಪೂರ್ತಿ ಸೋಲತ್ತೆ.

ಮದ್ದೂರು ಗದ್ದೆ
ಅಕ್ಕ, ಹಂಗಾದ್ರೆ ಒಟ್ಲಿನಿಂದ ನಾಟಿ ತನಕ ಹೆಂಗ್ ಮಾಡ್ಬೇಕು ಅಂತ ಅಳತೆ ಸಮೇತ ಹೇಳಿ. ನಮ್ದು ಒಂದು ಎಕರೆ ಲೆಕ್ಕ.

ಸಸ್ಯರೋಗ ವಿದ್ಯಾರ್ಥಿನಿ
ಮೊದ್ಲು ಬಿತ್ತನೆ ಬೀಜನ ಉಪ್ಪು ನೀರಿಗೆ ಹಾಕಿ, ಕೋಳಿ ಮೊಟ್ಟೆ ತೇಲೋಷ್ಟು ಉಪ್ಪಿರಲಿ. ತೇಲಿದ ಜೊಳ್ಳು, ಕಲೆ ಬಿದ್ದ ಕಾಳು ತೆಗೆದು ಬಿಸಾಕಿ, ಮುಳುಗಿದ ಬೀಜನ ಎರಡು ಮೂರು ಸಲ ಒಳ್ಳೆ ನೀರಲ್ಲಿ ತೊಳೀರಿ, ಉಪ್ಪು ಉಳಿದ್ರೆ ಮೊಳಕೆ ಕೆಡತ್ತೆ, ಬ್ಯಾಕ್ಟೀರಿಯಾನೂ ಸಾಯತ್ತೆ. ಆಮೇಲೆ ಕಿಲೊ ಬೀಜಕ್ಕೆ 10 ಗ್ರಾಂ ಸೂಡೊಮೊನಾಸ್, ಒಂದು ಲೀಟರ್ ನೀರು, ರಾತ್ರಿ ನೆನೆಹಾಕಿ ಬೆಳಗ್ಗೆ ಬಸಿದು ಮೊಳಕೆ ಕಟ್ಟಿ. ಕ್ಲೋರಿನ್ ಇರೋ ನಲ್ಲಿ ನೀರು ಬೇಡ.

ನಾಟಿ ದಿನ ಗದ್ದೆ ಮೂಲೇಲಿ 10 ಚದರ ಮೀಟರ್ ಜಾಗಕ್ಕೆ ಸಣ್ಣ ಬದು ಕಟ್ಟಿ ಒಂದು ಇಂಚು ನೀರು ನಿಲ್ಲಿಸಿ 1 ಕಿಲೊ ಸೂಡೊಮೊನಾಸ್ ಕದಡಿ, ಕಿತ್ತ ಸಸಿ ಕಟ್ಟುಗಳ ಬೇರನ್ನ ಅದರಲ್ಲಿ ಅರ್ಧ ಗಂಟೆ ಇಟ್ಟು ಆಮೇಲೆ ನೆಡಿ. ನಾಟಿ ಆಗಿ 30 ದಿನಕ್ಕೆ ಇನ್ನೊಂದು ಕಿಲೊನ 20 ಕಿಲೊ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಎರಚಿ. 45 ದಿನದಿಂದಾಚೆ ಲೀಟರಿಗೆ 5 ಗ್ರಾಂನಂತೆ ಸಂಜೆ ಹೊತ್ತು ಗರಿಗೆ ಹೊಡೀರಿ, ಬಿಸಿಲಿಗೆ ಹೊಡೆದ್ರೆ ಸಾಯತ್ತೆ, 10 ದಿನ ಬಿಟ್ಟು ಮತ್ತೆ. ಅದೇ ಟ್ಯಾಂಕಿಗೆ ತಾಮ್ರದ ಔಷಧಿ, ಬ್ಯಾಕ್ಟೀರಿಯಾ ಕೊಲ್ಲೋ ಸ್ಟ್ರೆಪ್ಟೊಸೈಕ್ಲಿನ್ ಸೇರಿಸ್ಬೇಡಿ. ಟ್ರೈಕೊಡರ್ಮಾನ ನೀರು ನಿಲ್ಲದ, ಸ್ವಲ್ಪ ತೇವ ಇರೋ ಗೊಬ್ಬರದ ಗುಡ್ಡೇಲಿ ಬೆಳೆಸಿ ಒಟ್ಲಿಗೆ ಹಾಕಿ, ನಿಂತ ನೀರಲ್ಲಿ ಅದಕ್ಕೆ ಉಸಿರು ಕಟ್ಟತ್ತೆ. ಗದ್ದೆ ಒಣಗಿಸಿ ಬಿರುಕು ಬಿಡಿಸ್ಬೇಡಿ, ಒಣಗಿದ ಗದ್ದೇಲಿ ಬೆಂಕಿ ರೋಗ ಜಾಸ್ತಿ.

ಕೆಸರು ಮಾಡುವಾಗ ಗಾಳಿಗೆ ಮೂಲೆ ಸೇರೋ ಕಪ್ಪು ನೊರೆ ಕಸ ನೋಡಿದೀರಲ್ಲ? ಎಲೆಕವಚದ ಅಂಗಮಾರಿ ಅನ್ನೋ ಇನ್ನೊಂದು ರೋಗ ತರೋ ರೈಜೊಕ್ಟೋನಿಯಾ ಶಿಲೀಂಧ್ರದ ಸಾಸಿವೆಯಂಥ ಗಂಟುಗಳು ತೇಲಿ ಅದರಲ್ಲೇ ಸೇರ್ಕೊಂಡಿರ್ತವೆ. ಜರಡೀಲಿ ಬಾಚಿ ಹೊರಗೆ ಹೂತ್ರೆ ಆ ರೋಗದ ಬೀಜನೇ ಅಷ್ಟು ಕಮ್ಮಿ.

ತೀರ್ಥಹಳ್ಳಿ ಮಳೆ
ಇಷ್ಟೆಲ್ಲ ಮಾಡಿಯೂ ಹೊಡೆ ತುಂಬೋ ಹೊತ್ತಿಗೆ ಜಡಿಮಳೆ, ಮೋಡ, ಗರಿ ಮೇಲೆ ಚುಕ್ಕೆ ಏರ್ತಾ ಇದೆ ಅಂದ್ರೆ ಏನು ಮಾಡದು? ಕುತ್ತಿಗೆಗೆ ಬಂದ್ರೆ ಮುಗೀತಲ್ಲ.

ಲ್ಯಾಬ್ ಕೆಲಸ
ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲ್ಲ, ಆದ್ರೂ ಹೇಳ್ತೀನಿ. ಅಂಥ ಹೊತ್ತಲ್ಲಿ ಶಿಫಾರಸು ಅಳತೆಯಲ್ಲಿ ಒಂದೇ ಒಂದು ರಾಸಾಯನಿಕ ಸಿಂಪಡಣೆ ಮಾಡಿ ಬೆಳೆ ಉಳಿಸ್ಕೊಳಿ, ಗದ್ದೆ ನೀರು ಹೊರಗೆ ಬಿಡ್ದೆ ಕಟ್ಟಿ ನಿಲ್ಲಿಸಿ, ಕೊಯ್ಲಿಗೆ ಎಷ್ಟು ದಿನ ಬಿಡ್ಬೇಕು ಅಂತ ಲೇಬಲ್ ಮೇಲೆ ಇರೋದನ್ನ ಪಾಲಿಸಿ. ನಾಲ್ಕು ಹೊಡೆಯೋನು ಒಂದಕ್ಕೆ ಇಳಿದ್ರೆ ಕೆರೆಗೆ ಅಷ್ಟು ಕಮ್ಮಿ ಹೋಯ್ತು.

ಸಸ್ಯರೋಗ ವಿದ್ಯಾರ್ಥಿನಿ
ನಾನು ಪೂರ್ತಿ ಒಪ್ಪಲ್ಲ, ಆ "ಒಂದೇ ಒಂದು" ಪ್ರತಿ ವರ್ಷದ ಅಭ್ಯಾಸ ಆಗ್ಬಿಡತ್ತೆ, ಚುಕ್ಕೆ ಇಲ್ದಿದ್ರೂ ಕ್ಯಾಲೆಂಡರ್ ನೋಡಿ ಹೊಡೀತಾರೆ. ವಾರಕ್ಕೆ ಎರಡು ಸಲ ಗದ್ದೆಗೆ ಇಳಿದು ಗರಿ ತಿರುವಿ ನೋಡಿ, ನಡುವೆ ಬೂದು ಬಣ್ಣ ಸುತ್ತ ಕಂದು ಅಂಚು ಇರೋ ಎರಡು ತುದಿ ಚೂಪಾದ ಚುಕ್ಕೆ ಮೇಲಿನ ಗರಿಗಳಿಗೆ ಏರ್ತಿದ್ರೆ ಮಾತ್ರ ಆ ನಿರ್ಧಾರ ಮಾಡಿ. ಗರಿ ಅಂಚಿಂದ ಹಳದಿ ಪಟ್ಟೆ ಇಳೀತಿದ್ರೆ ಅದು ದುಂಡಾಣು ಅಂಗಮಾರಿ, ಅದಕ್ಕೆ ಶಿಲೀಂಧ್ರದ ಔಷಧಿ ಹೊಡೆದ್ರೆ ವಿಷನೂ ದಂಡ ದುಡ್ಡೂ ದಂಡ. ಗೊತ್ತಾಗ್ಲಿಲ್ಲ ಅಂದ್ರೆ ಫೋಟೊ ತೆಗೆದು ಇಲ್ಲೇ ಹಾಕಿ.

ಕಾರಟಗಿ ಕ್ಯಾಂಪ್
ಈ ಸಲ ಒಂದು ಮಡಿಗೆ ಅಕ್ಕಾರು ಹೇಳಿದಂಗ ಬೀಜದಿಂದ್ಲೇ ಮಾಡ್ತೀನಿ, ಬಾಜೂ ಮಡಿ ಯಾವಾಗ್ಲೂ ಮಾಡೋ ಹಂಗ. ಒಂದು ಕೇಳೋದೈತ್ರಿ, ಮಿಲ್ಲಿನ ಬೂದಿ ಎರಡು ನಮೂನಿ ಬರ್ತದ, ಒಂದು ಕರ್ರಗ ಇನ್ನೊಂದು ಬೆಳ್ಳಗ. ಯಾವುದು ಹಾಕ್ಬೇಕು?

ಸಸ್ಯರೋಗ ವಿದ್ಯಾರ್ಥಿನಿ
ಕರೀದು ತಗೊಳ್ಳಿ ಅಣ್ಣ. ಬಹಳ ಕಾವಿಗೆ ಸುಟ್ಟು ಬೆಳ್ಳಗಾದ ಬೂದೀಲಿ ಸಿಲಿಕಾ ಹರಳುಗಟ್ಟಿ ಬೇಗ ಕರಗಲ್ಲ. ಮೊದಲ ವರ್ಷ ಸಸಿಮಡಿಗೆ ಮಾತ್ರ ಹಾಕಿ, ಚದರ ಮೀಟರಿಗೆ ಅರ್ಧ ಕಿಲೊ ಸಾಕು. ನಿಮ್ಮ ಕಡೆ ಕೆಲವು ಹೊಲ ಸವಳು ಇರ್ತವೆ, ಬೂದಿನೂ ಕ್ಷಾರ, ಅದಕ್ಕೆ ಮಣ್ಣು ಪರೀಕ್ಷೆ ಮಾಡ್ಸದೇ ಇಡೀ ಹೊಲಕ್ಕೆ ಸುರೀಬೇಡಿ. ನೀರು ಚಿಮುಕಿಸಿ ಒದ್ದೆ ಮಾಡ್ಕೊಂಡು, ಮೂಗಿಗೆ ಬಟ್ಟೆ ಕಟ್ಟಿ ಎರಚಿ, ಅದರ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ. ಎರಡು ಮಡಿ ಸಸಿನೂ ನಾಟಿಗೆ ಕೀಳೋ ದಿನ ಬೇರು ತೊಳೆದು ಪಕ್ಕಪಕ್ಕ ಇಟ್ಟು ಫೋಟೊ ಹಾಕಿ.